ಆಫ್ರಿಕಾದ ಹಳ್ಳಿಗೆ ಬೋರ್‌ವೆಲ್ ಹಾಕಿಸಲು ದುಡ್ಡು ಕೊಟ್ಟರೆ ನಿಜವಾಗಿ ಉಪಯೋಗ ಆಗುತ್ತಾ?

ಆಫೀಸಿನವರೆಲ್ಲ ದುಡ್ಡು ಕೂಡಿಸಿ ಉಗಾಂಡಾದ ಒಂದು ಹಳ್ಳಿಗೆ ಬೋರ್‌ವೆಲ್ ಹಾಕಿಸಬೇಕು ಅಂದುಕೊಂಡಿದ್ದೀರಿ. ಅದರಿಂದ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನಾನು ಆ ದೇಶದ ಉತ್ತರ ಭಾಗದಲ್ಲಿ ಕುಡಿಯುವ ನೀರಿನ ಕೆಲಸ ಮಾಡಿದವನು. ಖಂಡಿತ ಕೊಡಿ. ಆದರೆ ಹೊಸದನ್ನು ಕೊರೆಸುವುದಕ್ಕಿಂತ ಕೆಟ್ಟು ನಿಂತ ಪಂಪುಗಳ ರಿಪೇರಿಗೆ ಕೊಡಿ.

2009ರ ಒಂದು ಲೆಕ್ಕದಲ್ಲಿ, ಸಹಾರಾದಿಂದ ದಕ್ಷಿಣಕ್ಕಿರುವ 20 ದೇಶಗಳಲ್ಲಿ ನೂರಕ್ಕೆ ಸುಮಾರು 36 ಕೈಪಂಪುಗಳು ಕೆಲಸ ಮಾಡುತ್ತಿರಲಿಲ್ಲ. ಎಷ್ಟೋ ಕಡೆ ಕೆಳಗೆ ನೀರು ಇದ್ದೇ ಇರುತ್ತದೆ. ಸವೆದಿರುವುದು ವಾಷರ್, ತೂತಾಗಿರುವುದು ಪೈಪು.

ಅಲ್ಲಿ ಜಾಸ್ತಿ ಕಾಣುವುದು ನಮ್ಮ ದೇಶದ್ದೇ ಪಂಪು, ಇಂಡಿಯಾ ಮಾರ್ಕ್ 2. ಸೊಲ್ಲಾಪುರದ ಪಂಪಿನ ಮಾದರಿ ಇಟ್ಟುಕೊಂಡು 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ರೂಪಿಸಿದ್ದು. ನಮ್ಮ ಹಳ್ಳಿ ಶಾಲೆಗಳ ಹತ್ತಿರ ನೋಡಿರುತ್ತೀರಲ್ವಾ, ಅದೇ. ಉಗಾಂಡಾದಲ್ಲಿ ಯು2 ಅಂತಾರೆ. ಗಟ್ಟಿ ಪಂಪು. ಆದರೆ ತಳದ ವಾಷರ್ ಬದಲಿಸಬೇಕಾದರೆ ಪೈಪುಗಳನ್ನೆಲ್ಲ ಒಂದೊಂದಾಗಿ ಮೇಲೆತ್ತಬೇಕು. ಅದಕ್ಕೆ ಸಾಮಾನು ಬೇಕು, ನಾಲ್ಕಾರು ಆಳು ಬೇಕು, ಕೆಲಸ ಬಲ್ಲ ಮೆಕ್ಯಾನಿಕ್ ಬೇಕು.

ಇನ್ನೊಂದು ತೊಂದರೆ ತುಕ್ಕು. ಅಲ್ಲಿ ಬಹಳ ಕಡೆ ನೆಲದೊಳಗಿನ ನೀರಿನ ಪಿಎಚ್ ಕಡಿಮೆ, ಅಂದರೆ ನೀರಿಗೆ ಆಮ್ಲದ ಗುಣ. ಜಿಐ ಪೈಪು, ಅಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಪೈಪು, ಬೇಗ ತಿಂದುಹೋಗುತ್ತದೆ. ನೀರು ಕೆಂಪಗೆ ಬರುತ್ತದೆ, ಕಬ್ಬಿಣದ ರುಚಿ, ಬಟ್ಟೆಯೆಲ್ಲ ಕಲೆ. ಆಮೇಲೆ ಹೆಂಗಸರು ಹಳದಿ ಜೆರಿಕ್ಯಾನ್ ಹಿಡಿದು ಮತ್ತೆ ಹಳೇ ಹೊಂಡಕ್ಕೇ ಹೋಗುತ್ತಾರೆ. ಇದನ್ನು ನೋಡುವಾಗ ನಿಜಕ್ಕೂ ಸಂಕಟ ಆಗುತ್ತಿತ್ತು. ಮೊದಲೇ ನೀರು ಪರೀಕ್ಷಿಸಿ ಸ್ಟೇನ್‌ಲೆಸ್ ಸ್ಟೀಲ್ ಪೈಪು ಇಳಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಖರ್ಚು ಜಾಸ್ತಿ, ಅಷ್ಟೇ.

ಊರಿನವರಿಗೆ ಕಾಳಜಿ ಇಲ್ಲ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಊರಲ್ಲಿ ನೀರಿನ ಸಮಿತಿ ಇರುತ್ತದೆ, ಮನೆಮನೆಯಿಂದ ದುಡ್ಡೂ ಎತ್ತುತ್ತಾರೆ. ಅದು ವಾಷರ್‌ಗೆ ಸಾಕು, ಇಡೀ ಪೈಪು ಬದಲಿಸಲು ಸಾಲುವುದಿಲ್ಲ. ಸುಗ್ಗಿಗೆ ಮುಂಚೆ ಕೆಟ್ಟರಂತೂ ಯಾರ ಕೈಯಲ್ಲೂ ಕಾಸಿರುವುದಿಲ್ಲ. ಬಿಡಿಭಾಗದ ಅಂಗಡಿ ಇರುವುದು ದೂರದ ಪೇಟೆಯಲ್ಲಿ. ನಮ್ಮೂರಲ್ಲಿ ಪಂಪು ಕೆಟ್ಟರೆ ಪಂಚಾಯಿತಿಗೆ ಹೋಗಿ ಕೇಳುತ್ತೇವೆ. ಅವರಿಗೆ ಮಾತ್ರ ಎಲ್ಲ ನೀವೇ ನೋಡಿಕೊಳ್ಳಿ ಅನ್ನುವುದು ಯಾವ ನ್ಯಾಯ?

ಇದಕ್ಕೆ ದಾರಿ ಇದೆ. ಕೀನ್ಯಾದ ಕಿಟುಯಿಯಲ್ಲಿ ಪಂಪಿನ ಹಿಡಿಕೆಗಳಿಗೆ ಸಣ್ಣ ಸಾಧನ ಅಳವಡಿಸಿದರು. ಪಂಪು ಹೊಡೆಯುವುದು ನಿಂತರೆ ಮೊಬೈಲ್ ನೆಟ್‌ವರ್ಕ್ ಮೂಲಕ ಸುದ್ದಿ ಹೋಗುತ್ತದೆ, ಮೆಕ್ಯಾನಿಕ್ ಹೊರಡುತ್ತಾನೆ. ಮೊದಲು ಹೆಚ್ಚುಕಡಿಮೆ ತಿಂಗಳು ಹಿಡಿಯುತ್ತಿದ್ದ ರಿಪೇರಿ ಮೂರು ದಿನದೊಳಗೆ ಆಗತೊಡಗಿತು. ಸಾಧನಕ್ಕಿಂತ ಮುಖ್ಯವಾದದ್ದು, ರಿಪೇರಿಯನ್ನೇ ಕೆಲಸ ಮಾಡಿಕೊಂಡ, ಅದಕ್ಕೆ ಸಂಬಳ ಸಿಗುವ ತಂಡ. ನಿಮ್ಮ ದುಡ್ಡು ಅಂಥ ತಂಡಕ್ಕೆ ಹೋದರೆ ನನಗೆ ಬಹಳ ಖುಷಿ.

ಹಾಗಾಗಿ ಸಂಸ್ಥೆಯವರಿಗೆ ಉದ್ಘಾಟನೆಯ ಫೋಟೋ ಕೇಳಬೇಡಿ. ಐದು ವರ್ಷದ ಹಿಂದೆ ಹಾಕಿದ ಪಂಪುಗಳಲ್ಲಿ ಇವತ್ತು ಎಷ್ಟು ನಡೆಯುತ್ತಿವೆ, ಕೆಟ್ಟರೆ ಯಾರು ಬರುತ್ತಾರೆ, ಎಷ್ಟು ದಿನಕ್ಕೆ ಅಂತ ಕೇಳಿ. ಲೆಕ್ಕ ಇಟ್ಟವರು ತಕ್ಷಣ ಹೇಳುತ್ತಾರೆ. ಹೊಸ ಬೋರ್‌ವೆಲ್ಲೇ ಆಗಬೇಕು ಅಂತ ನಿಮ್ಮವರು ಹಟ ಹಿಡಿದರೆ, ನೀರಿನ ಪಿಎಚ್ ರಿಪೋರ್ಟ್ ತರಿಸಿಕೊಳ್ಳಿ. 6.5ಕ್ಕಿಂತ ಕಡಿಮೆ ಇದ್ದರೆ ಜಿಐ ಪೈಪು ಬೇಡವೇ ಬೇಡ ಅಂತ ಬರವಣಿಗೆಯಲ್ಲೇ ಹಾಕಿಸಿ.