ಕಣ್ಣಿನ ಸುತ್ತ, ಕಣತಲೆಯಲ್ಲಿ ದಿನಾ ನೋವು. ಸೈನಸ್ ಇರಬಹುದಾ? ಯಾವ ಮಾತ್ರೆ ಒಳ್ಳೆಯದು?

ಯಾವ ಮಾತ್ರೆ ಅನ್ನೋದು ಆಮೇಲೆ. ತಿಂಗಳಿಗೆ ಎಷ್ಟು ದಿನ ಮಾತ್ರೆ ನುಂಗುತ್ತಿದ್ದೀರಿ, ಮೊದಲು ಅದನ್ನು ಲೆಕ್ಕ ಹಾಕಿ.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ಲೆಕ್ಕ ಬರೆಯೋದು ನನ್ನ ಕೆಲಸ. 2023ರ ಜುಲೈ ನೆನಪಿದೆಯಲ್ವಾ? 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅಂಥ ರೇಟಲ್ಲಿ ಒಂದು ಅಂಕಿ ಹೆಚ್ಚುಕಮ್ಮಿ ಆದರೆ ರೈತರು ಸುಮ್ನೆ ಬಿಡ್ತಾರಾ? ನನಗೋ ಆಗಲೇ ನಲವತ್ತು ದಾಟಿತ್ತು. ಪಟ್ಟಿಯನ್ನು ಕೈ ಚಾಚಿ ದೂರ ಹಿಡಿದರೂ 3 ಯಾವುದು, 8 ಯಾವುದು ಗೊತ್ತಾಗುತ್ತಿರಲಿಲ್ಲ. ಕಾರ್ಬನ್ ಕಾಪಿ ಆದರಂತೂ ಮುಗೀತು. ಮಧ್ಯಾಹ್ನದ ಹೊತ್ತಿಗೆ ಹುಬ್ಬಿನಿಂದ ಕಣತಲೆವರೆಗೆ ಹಗ್ಗ ಹಾಕಿ ಬಿಗಿದ ಹಾಗೆ ನೋವು. ಸೈನಸ್ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ಮೆಡಿಕಲ್ ಶಾಪಿಗೆ ಹೋಗಿ ತಲೆನೋವಿನ ಮಾತ್ರೆ ತಂದೆ. ಒಂದು ನುಂಗಿ ಟೀ ಕುಡಿದರೆ ಅರ್ಧ ಗಂಟೆಯಲ್ಲಿ ಹಗುರ. ಆಮೇಲಾಮೇಲೆ ನನ್ನ ಮುಖ ಕಂಡರೆ ಸಾಕು, ಅಂಗಡಿಯವನು ಕೇಳದೆಯೇ ಶೀಟು ತೆಗೆದಿಡುತ್ತಿದ್ದ. ಷರ್ಟಿನ ಜೇಬಲ್ಲಿ ಪೆನ್ನಿನ ಪಕ್ಕ ಅದೂ ಖಾಯಂ ಆಯ್ತು. ನೋವು ಬರುವ ಮುಂಚೆಯೇ, ಬರಬಹುದು ಅಂತ ನುಂಗೋಕೆ ಶುರು ಮಾಡಿದೆ. ಇದೇ ನಾನು ಕೆಟ್ಟಿದ್ದು. ಬರೀ ಪ್ಯಾರಸಿಟಮಾಲ್ ಥರದ್ದನ್ನು ತಿಂಗಳಿಗೆ 15 ದಿನ, ಕೆಫೀನ್ ಸೇರಿಸಿದ್ದನ್ನು 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಹೀಗೇ ಮೂರು ತಿಂಗಳು ದಾಟಿ ತಗೊಳ್ಳುತ್ತಾ ಹೋದರೆ ಮಾತ್ರೆಯೇ ತಲೆನೋವು ತರಿಸೋಕೆ ಶುರು ಮಾಡುತ್ತೆ. ಅದರ ಪ್ರಭಾವ ಇಳಿದ ತಕ್ಷಣ ನೋವು, ನೋವಿಗೆ ಮತ್ತೆ ಮಾತ್ರೆ. ನನ್ನ ಶೀಟಿನ ಹಿಂದೆ ಕೆಫೀನ್ ಅಂತ ಬರೆದೇ ಇತ್ತು. ಆ ಸಣ್ಣ ಅಕ್ಷರ ನನಗೆ ಕಂಡಿದ್ದರೆ ತಾನೆ!

ಕೊನೆಗೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ಮೊದಮೊದಲು ನೋವು ದುಪ್ಪಟ್ಟಾಯಿತು, ಮಂಡಿಗೆ ಹೋಗೋಕೂ ಆಗಲಿಲ್ಲ. ಹೀಗೇ ಆಗುತ್ತೆ ಅಂತ ಅವರು ಮುಂಚೆಯೇ ಹೇಳಿದ್ದಕ್ಕೆ ತಡೆದುಕೊಂಡೆ. ಕಣ್ಣು ಪರೀಕ್ಷೆಯಲ್ಲಿ ಓದೋ ಕನ್ನಡಕ ಬಂತು. ಅಷ್ಟೇ. ಮೊದಲೇ ಮಾಡಿಸಿದ್ದರೆ ಆಗುತ್ತಿತ್ತು.

ಈಗ ನಿಮ್ಮ ಸೈನಸ್ ವಿಷಯ. ಸೈನಸ್ ಅಂದುಕೊಂಡು ಓಡಾಡುವವರಲ್ಲಿ ತುಂಬಾ ಜನಕ್ಕೆ ಇರೋದು ಮೈಗ್ರೇನ್. ಮೈಗ್ರೇನಲ್ಲೂ ಮೂಗು ಸೋರುತ್ತೆ, ಕಣ್ಣಲ್ಲಿ ನೀರು ಬರುತ್ತೆ. ಗಟ್ಟಿ ಹಳದಿ ಸಿಂಬಳ, ಜ್ವರ, ವಾಸನೆ ಗೊತ್ತಾಗದಿರೋದು ಇದ್ದರೆ ಸೈನಸ್ ಅನ್ನಿ. ಒಂದೇ ಪಕ್ಕ ಮಿಡಿಯುವ ನೋವು, ವಾಕರಿಕೆ, ಬೆಳಕು ಕಂಡರೆ ಆಗದಿರೋದು ಇದ್ದರೆ ಮೈಗ್ರೇನ್ ಕಡೆಗೆ ಯೋಚಿಸಿ. ಬೆಳಿಗ್ಗೆ ಏಳುವಾಗಲೇ ಕಣತಲೆ ನೋಯುತ್ತಾ? ರಾತ್ರಿ ಹಲ್ಲು ಕಡಿಯುತ್ತೀರಾ ಅಂತ ಮನೆಯವರನ್ನು ಕೇಳಿ. ದವಡೆಯ ಸ್ನಾಯು ಅಲ್ಲಿವರೆಗೂ ಹಬ್ಬಿದೆ.

ನೀಲಿ ಬೆಳಕು ತಡೆಯುವ ಕನ್ನಡಕ ಅಂತ ಅಂಗಡಿಯವರು ಹೇಳಿದರೆ ದುಡ್ಡು ಉಳಿಸಿಕೊಳ್ಳಿ, ಅದರಿಂದ ಕಣ್ಣಿನ ಆಯಾಸ ಕಮ್ಮಿಯಾಗುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಅದರ ಬದಲು 20 ನಿಮಿಷಕ್ಕೊಮ್ಮೆ ಫೋನಿಂದ ತಲೆ ಎತ್ತಿ 20 ಅಡಿ ದೂರ ನೋಡಿ. ಬಾಮ್ ಹಚ್ಚಿಕೊಳ್ಳಿ, ತಪ್ಪಿಲ್ಲ, ಕಣ್ಣಿಗೆ ತಗುಲಿಸಬೇಡಿ. ತಿಂಡಿ ಬಿಡಬೇಡಿ.

ನಿಮ್ಮ ವಯಸ್ಸು ಬರೆದಿಲ್ಲ. 50 ದಾಟಿದ್ದು, ಕಣತಲೆ ನೋವು ಹೊಸದಾಗಿ ಶುರುವಾಗಿದ್ದು, ತಲೆ ಬಾಚಿದರೆ ನೋಯೋದು, ಅಗಿಯುವಾಗ ದವಡೆ ಹಿಡಿಯೋದು ಇದ್ದರೆ ಇವತ್ತೇ ಡಾಕ್ಟರ ಹತ್ತಿರ ಹೋಗಿ. ರಕ್ತನಾಳದ ಉರಿಯೂತ ಇದ್ದರೆ ದೃಷ್ಟಿಯೇ ಹೋಗಬಹುದು. ಕಣ್ಣು ಕೆಂಪಾಗಿ, ಮಂಜಾಗಿ, ಬಲ್ಬಿನ ಸುತ್ತ ಬಣ್ಣದ ಬಳೆ ಕಂಡು ವಾಂತಿ ಬಂದರೆ ಅದು ಗ್ಲಾಕೋಮಾ, ಅಂದರೆ ಕಣ್ಣೊಳಗಿನ ಒತ್ತಡ ಏರೋ ಕಾಯಿಲೆ ಇರಬಹುದು. ಆಗ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೊರಡಿ.