ಒಗ್ಗರಣೆಗೊಂದು ಕರಿಬೇವು, ಚಿಟ್ಟೆಗೊಂದು

ಪ್ರಶ್ನೆ: ನಮ್ದು ಬೆಂಗಳೂರಲ್ಲಿ ಮೂರನೇ ಫ್ಲೋರ್ ಫ್ಲಾಟು, ಪೂರ್ವದ ಕಡೆ ಪುಟ್ಟ ಬಾಲ್ಕನಿ ಇದೆ, ಬೆಳಗ್ಗೆ ಹನ್ನೊಂದರ ತನಕ ಬಿಸಿಲು. ಹಕ್ಕಿಗಳು ಬರ್ಲಿ ಅಂತ ಅಕ್ಕಿ, ಜೋಳ ಹಾಕಿದ್ರೆ ಬರೀ ಪಾರಿವಾಳ! ಇದ್ದ ಒಂದು ಕರಿಬೇವಿನ ಗಿಡಾನ ಹುಳ ತಿಂದು ಬೋಳು ಮಾಡಿದೆ. ಅದಕ್ಕೆ ಏನು ಹೊಡೀಲಿ, ಹಕ್ಕಿ ಚಿಟ್ಟೆ ಬರೋಕೆ ಯಾವ ಗಿಡ ಹಾಕ್ಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಏನೂ ಹೊಡೀಬೇಡಿ ಮೇಡಂ, ಆ ಹುಳಾನೇ ನೀವು ಕಾಯ್ತಿರೋ ಚಿಟ್ಟೆ! ಕರಿಬೇವು, ನಿಂಬೆ ಎಲೆ ಮೇಲೆ ಕಾಮನ್ ಮಾರ್ಮನ್, ಲೈಮ್ ಬಟರ್‌ಫ್ಲೈ ಅನ್ನೋ ಚಿಟ್ಟೆಗಳು ಮೊಟ್ಟೆ ಇಡ್ತವೆ, ಹುಳ ಚಿಕ್ಕದಿದ್ದಾಗ ಥೇಟ್ ಹಕ್ಕಿ ಹಿಕ್ಕೆ ಥರ ಕಾಣುತ್ತೆ, ದೊಡ್ಡದಾದಾಗ ಹಸಿರಾಗುತ್ತೆ, ಮುಟ್ಟಿದ್ರೆ ತಲೆ ಹಿಂದಿಂದ ಎರಡು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತೆ. ಇನ್ನೊಂದು ಕರಿಬೇವು ತಂದು ಒಂದು ಒಗ್ಗರಣೆಗೆ, ಒಂದು ಅವಕ್ಕೆ ಅಂತ ಬಿಡಿ, ಅಡುಗೆ ಗಿಡದಲ್ಲಿ ಹುಳ ಕಂಡ್ರೆ ಎಲೆ ಸಮೇತ ಆ ಕಡೆ ದಾಟಿಸಿದ್ರಾಯ್ತು. ಬೋಳಾದ ಗಿಡ ಸಾಮಾನ್ಯವಾಗಿ ಮತ್ತೆ ಚಿಗುರುತ್ತೆ.

ಕಾಳು ಹಾಕೋದು ಇವತ್ತೇ ನಿಲ್ಸಿ. ಪಾರಿವಾಳದ ಹಿಕ್ಕೆ ಧೂಳಿಂದ ಕೆಲವರಿಗೆ ಶ್ವಾಸಕೋಶದ ತೊಂದರೆ ಬರುತ್ತೆ, ಕೆಳಗಿನ ಮನೆಯವರ ಬೈಗುಳ ಬೇರೆ. ನಿಮ್ಮ ಬಾಲ್ಕನಿಗೆ ಸೂರಕ್ಕಿ (ಹೂವಿನ ಮಕರಂದ ಹೀರೋ ಪುಟಾಣಿ ಹಕ್ಕಿ, ಸನ್‌ಬರ್ಡ್) ಬಂದ್ರೆ ಚೆಂದ, ಅದಕ್ಕೆ ಬೇಕಿರೋದು ಮಕರಂದ. ಕೇಪಳ (ನರ್ಸರಿಲಿ ಇಕ್ಸೋರಾ ಅಂತಾರೆ) ಹಾಕಿ, ಐದೆಸಳಿನ ಸಾದಾ ದಾಸವಾಳ ಹಾಕಿ. ನರ್ಸರಿಯವರು ಮುದ್ದೆಮುದ್ದೆ ಹೂವಿನ ದಾಸವಾಳ ತೋರಿಸ್ತಾರೆ, ನೋಡೋಕೇನೋ ಸೂಪರ್, ಆದ್ರೆ ಕೇಸರಗಳೇ ಎಸಳಾಗಿರೋದ್ರಿಂದ ಕೀಟಕ್ಕೆ ಪರಾಗ ಸಿಗೋದೇ ಕಷ್ಟ. ಇನ್ನೊಂದು ವಿಷ್ಯ, ಸೂರಕ್ಕಿ ಮರಿಗೆ ಜೇಡ, ಸಣ್ಣ ಹುಳ ತಿನ್ಸುತ್ತೆ, ಗೂಡು ಕಟ್ಟೋಕೂ ಜೇಡರ ಬಲೆನೇ ಬೇಕು, ಅದಕ್ಕೇ ಸ್ಪ್ರೇ ಬೇಡ ಅಂದಿದ್ದು, ಮೂಲೆಲಿರೋ ಒಂದೆರಡು ಬಲೆನೂ ಇರ್ಲಿ ಬಿಡಿ (ಅತ್ತೆಯವರನ್ನ ಒಪ್ಪಿಸೋದು ನಿಮ್ಮ ಜವಾಬ್ದಾರಿ).

ತುಳಸಿ ತೆನೆ ಎಲ್ರೂ ಚಿವುಟಿ ಹಾಕ್ತಾರೆ, ಒಂದು ಕುಂಡದಲ್ಲಾದ್ರೂ ಹೂ ಬಿಡೋಕೆ ಬಿಡಿ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಗುಂಪು ಕಟ್ಟದೆ ಒಂಟಿಯಾಗಿ ಬದುಕೋ ಜಾತಿಯ ಜೇನೊಂದು ಬರುತ್ತೆ, ಅದರ ಗಂಡುಗಳು ರಾತ್ರಿ ಒಣಕಡ್ಡಿಯನ್ನ ಬಾಯಲ್ಲಿ ಕಚ್ಚಿ ಹಿಡ್ಕೊಂಡು ನೇತಾಡ್ತಾ ನಿದ್ದೆ ಮಾಡ್ತವೆ, ಹಾಗಾಗಿ ಒಣಗಿದ ಕಡ್ಡಿನೆಲ್ಲ ಕತ್ತರಿಸ್ಬೇಡಿ. ಪಕ್ಕದಲ್ಲೊಂದು ಟೊಮೆಟೊ ಗಿಡ ಇಟ್ರೆ ಈ ಜೇನು ಗುಂಯ್ ಅಂತ ಹೂವನ್ನೇ ಅದುರಿಸಿ ಪರಾಗ ಉದುರಿಸುತ್ತೆ, ಕಾಯಿ ಚೆನ್ನಾಗಿ ಕಚ್ಚುತ್ತೆ.

ನೀರಿಗೆ ಒಂದು ಮಣ್ಣಿನ ತಟ್ಟೆ ಸಾಕು, ಒಳಗೆ ನಾಲ್ಕು ಕಲ್ಲಿಡಿ, ಇಲ್ಲಾಂದ್ರೆ ಜೇನು ಮುಳುಗುತ್ತೆ. ದಿನಾ ನೀರು ಬದಲಾಯ್ಸಿ, ಸೊಳ್ಳೆ ಆಗಲ್ಲ. ಕುಂಡಕ್ಕೆ ಬರೀ ಕೆಂಪು ಮಣ್ಣು ತುಂಬ್ಬೇಡಿ, ನೆಂದ್ರೆ ವಿಪರೀತ ಭಾರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಗೊಬ್ಬರ ಬೆರೆಸಿ.