ಲಿವರ್ ಕಸಿಯಾಗಿ ಆರು ವರ್ಷ: ಹಳೆ ರೋಗ ಮರಳಿತೆ?

ಪ್ರಶ್ನೆ: ತಮ್ಮನಿಗೆ ಈಗ 44. ಪಿತ್ತನಾಳಗಳು ಉರಿಯೂತದಿಂದ ಕಿರಿದಾಗುವ ಪಿ.ಎಸ್.ಸಿ. ಕಾಯಿಲೆಗೆ ಆರು ವರ್ಷದ ಹಿಂದೆ ಲಿವರ್ ಕಸಿ ಆಗಿದೆ. ಆರಾಮಿದ್ದಾನೆ. ಆದರೆ ಈ ಸಲ ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಏರಿದೆ. ರೋಗ ಮರಳಿತೆ? ಹೊಸ ಲಿವರ್ ಎಷ್ಟು ವರ್ಷ ಬಾಳುತ್ತದೆ? ‘ಗ್ರೇಪ್‌ಫ್ರೂಟ್ ಬೇಡ’ ಎಂದಿದ್ದಕ್ಕೆ ದ್ರಾಕ್ಷಿ ಬಿಡಿಸಿದ್ದೇವೆ, ಸರಿಯೇ?
— ಓದುಗರು, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ಮೊದಲು ದ್ರಾಕ್ಷಿ. ತಿಕೋಟಾದಲ್ಲಿದ್ದು ದ್ರಾಕ್ಷಿ ಬಿಡುವುದು ಸಣ್ಣ ಶಿಕ್ಷೆಯಲ್ಲ! ಗ್ರೇಪ್‌ಫ್ರೂಟ್ ಎಂದರೆ ದ್ರಾಕ್ಷಿಯಲ್ಲ, ಚಕ್ಕೋತದ ಬಳಗದ ಹಣ್ಣು. ಅದೂ ಚಕ್ಕೋತವೂ ಟ್ಯಾಕ್ರೋಲಿಮಸ್ (ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ಕೊಡುವ ಔಷಧ) ಅನ್ನು ಒಡೆಯುವ ಕರುಳಿನ ಕಿಣ್ವವನ್ನು ತಡೆಯುತ್ತವೆ. ರಕ್ತದಲ್ಲಿ ಔಷಧ ಏರಿ ಕೈ ನಡುಗುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ದ್ರಾಕ್ಷಿ ಚೆನ್ನಾಗಿ ತೊಳೆದು ತಿನ್ನಲಿ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರ ಅಳತೆ ಇರಲಿ.

ಇನ್ನು ಅಲ್ಕಲೈನ್ ಫಾಸ್ಫಟೇಸ್. ಆ ಒಂದು ಅಂಕಿಯಿಂದ ರೋಗ ಮರಳಿದೆ ಎನ್ನಲಾಗದು. ಜಿಜಿಟಿ ಎಂಬ ಇನ್ನೊಂದು ಕಿಣ್ವವೂ ಏರಿದ್ದರೆ ಏರಿಕೆಗೆ ಕಾರಣ ಲಿವರ್; ಇಲ್ಲದಿದ್ದರೆ ಮೂಳೆಯೂ ಇರಬಹುದು. ಲಿವರ್ ಎಂದಾದರೆ ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ, ಆಮೇಲೆ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್. ಹೊಸ ಲಿವರಿನ ಪಿತ್ತನಾಳಗಳು ಬದುಕುವುದು ಮುಖ್ಯವಾಗಿ ಯಕೃತ್ ಅಪಧಮನಿಯ ರಕ್ತದಿಂದ. ಅದು ಕಟ್ಟಿಕೊಂಡರೆ ನಾಳಗಳು ಥೇಟ್ ಪಿ.ಎಸ್.ಸಿ.ಯಂತೆಯೇ ಕಿರಿದಾಗುತ್ತವೆ. ಪಿತ್ತನಾಳಕ್ಕೆ ಹೊಲಿಗೆ ಹಾಕಿದ ಜಾಗ ಬಿಗಿದಿದೆಯೇ ಎಂಬುದನ್ನು ಎಂ.ಆರ್.ಸಿ.ಪಿ. (ಪಿತ್ತನಾಳಗಳ ಎಂ.ಆರ್.ಐ. ಸ್ಕ್ಯಾನ್) ತೋರಿಸುತ್ತದೆ. ದೇಹವೇ ಹೊಸ ಲಿವರನ್ನು ತಿರಸ್ಕರಿಸುವ ‘ನಿರಾಕರಣೆ’ಯ ಅನುಮಾನವಿದ್ದರೆ ಬಯಾಪ್ಸಿ. ಇವೆಲ್ಲ ಅಲ್ಲವೆಂದಾದ ಮೇಲೆಯೇ ‘ಮರಳಿದೆ’ ಎಂಬ ಮಾತು.

ಮರಳುವುದು ಸುಮಾರು ಐವರಲ್ಲಿ ಒಬ್ಬರಿಗೆ. ಮರಳಿದರೂ ಎಷ್ಟೋ ಜನರಲ್ಲಿ ನಿಧಾನ. ಕೆಲವರಿಗೆ ಮತ್ತೆ ಕಸಿ ಬೇಕಾಗುತ್ತದೆ. ಒಟ್ಟಾರೆ ಈ ಕಾಯಿಲೆಗೆ ಕಸಿಯಾದ ಹತ್ತು ಜನರಲ್ಲಿ ಸುಮಾರು ಎಂಟು ಜನ 5 ವರ್ಷ, ಏಳು ಜನ 10 ವರ್ಷ ದಾಟುತ್ತಾರೆ. ಮೊದಲ ವರ್ಷದ ದೊಡ್ಡ ಗಂಡಾಂತರವನ್ನು ನಿಮ್ಮ ತಮ್ಮ ಎಂದೋ ದಾಟಿದ್ದಾರೆ. ಮುಂದಿನ ಕಾವಲು ಹೆಚ್ಚಾಗಿ ಬಿಪಿ, ಸಕ್ಕರೆ, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ಮೇಲೆ. ದೊಡ್ಡ ಕರುಳಿನಲ್ಲಿ ಹುಣ್ಣಿನ ಉರಿಯೂತ ಇದ್ದರೆ ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ತಪ್ಪಿಸಬೇಡಿ. ಲಿವರ್ ಬದಲಾದರೂ ಅಲ್ಲಿನ ಕ್ಯಾನ್ಸರ್ ಭಯ ಹೋಗುವುದಿಲ್ಲ.

ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತರಬೇಡಿ. ಕ್ಲಾರಿಥ್ರೋಮೈಸಿನ್ (ಆಂಟಿಬಯೋಟಿಕ್), ಫ್ಲುಕೊನಜೋಲ್ (ಶಿಲೀಂಧ್ರ ಸೋಂಕಿನ ಔಷಧ) ಬರೆದುಕೊಟ್ಟರೆ ಕಸಿ ವೈದ್ಯರನ್ನು ಕೇಳದೆ ನುಂಗುವಂತಿಲ್ಲ. ಚಳಿಜ್ವರ, ಕಣ್ಣು ಹಳದಿ, ಕಡು ಬಣ್ಣದ ಮೂತ್ರ ಕಂಡರೆ ಅದೇ ದಿನ ಆಸ್ಪತ್ರೆ.

ಒಂದು ಸಾಮಾನ್ಯ ತಪ್ಪು: ಬೆಳಿಗ್ಗೆ 8ಕ್ಕೆ ಟ್ಯಾಕ್ರೋಲಿಮಸ್ ಗುಳಿಗೆ ನುಂಗಿ, ಬಸ್ಸಿನಲ್ಲಿ ವಿಜಯಪುರಕ್ಕೆ ಬಂದು 11ಕ್ಕೆ ಅದರ ಮಟ್ಟದ ಪರೀಕ್ಷೆಗೆ ರಕ್ತ ಕೊಡುವುದು. ಆಗ ಮಟ್ಟ ಸುಳ್ಳೇ ಹೆಚ್ಚು ಬರುತ್ತದೆ, ಡೋಸ್ ಸುಮ್ಮನೆ ಇಳಿಯುತ್ತದೆ, ನಿರಾಕರಣೆಗೆ ದಾರಿಯಾಗುತ್ತದೆ. ದಿನಕ್ಕೆರಡು ಬಾರಿ ತೆಗೆದುಕೊಳ್ಳುವವರು ರಾತ್ರಿಯ ಗುಳಿಗೆ ನುಂಗಿ 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಬೆಳಗಿನ ಗುಳಿಗೆ ಜೇಬಿನಲ್ಲಿರಲಿ, ಸೂಜಿ ತೆಗೆದ ಮೇಲೆ ನುಂಗಲಿ.